ಒಂದು ಕಾರ್ಡು, ಒಂದೇ ಪ್ರಶ್ನೆ: ಓದಿದ್ದು ನೆನಪಿನಲ್ಲಿ ಉಳಿಯಲು ಫ್ಲ್ಯಾಶ್‌ಕಾರ್ಡ್ ಹೀಗೆ ಮಾಡಿ

ಅಕ್ಕನ ಮಗ ವಿಜಯನಗರದ ಪಿ.ಜಿ.ಯಲ್ಲಿದ್ದುಕೊಂಡು ಕೆಎಎಸ್ ಪರೀಕ್ಷೆಗೆ ಓದುತ್ತಿದ್ದಾನೆ. ಹೋದ ತಿಂಗಳು ಒಂದು ಭಾನುವಾರ ಮನೆಗೆ ಊಟಕ್ಕೆ ಬಂದವನು ಬ್ಯಾಗಿನಿಂದ ಒಂದು ಕಟ್ಟು ಕಾರ್ಡು ತೆಗೆದು ಮೇಜಿನ ಮೇಲಿಟ್ಟ. "ಚಿಕ್ಕಮ್ಮ, ಇನ್ನೂರು ಕಾರ್ಡ್ ಮಾಡಿದೀನಿ. ದಿನಾ ಓದ್ತೀನಿ. ಆದ್ರೂ ಟೆಸ್ಟಿಗೆ ಕೂತಾಗ ಏನೂ ನೆನಪಿಗೇ ಬರಲ್ಲ" ಅಂದ.

ಮೇಲಿದ್ದ ಕಾರ್ಡು ಎತ್ತಿಕೊಂಡೆ. ತಲೆಬರಹ ಕೆಂಪು ಶಾಯಿಯಲ್ಲಿ: 'ಅರ್ಕಾವತಿ ನದಿ'. ಅದರ ಕೆಳಗೆ ನೀಲಿ ಶಾಯಿಯಲ್ಲಿ ಹದಿನಾಲ್ಕು ಸಾಲು. ಎಲ್ಲಿ ಹುಟ್ಟುತ್ತೆ, ಯಾವ ಊರು ಹಾದು ಹೋಗುತ್ತೆ, ಅಣೆಕಟ್ಟು, ಉಪನದಿ, ಇಸವಿ ಎಲ್ಲವೂ ಇತ್ತು. ಅಂಚಿನವರೆಗೂ ಅಕ್ಷರ. ಕಾರ್ಡು ಬೋರಲು ಹಾಕಿ ಕೇಳಿದೆ: "ಅರ್ಕಾವತಿ ಕಾವೇರಿಗೆ ಎಲ್ಲಿ ಸೇರುತ್ತೆ?" ಅವನು ಕಣ್ಣು ಮುಚ್ಚಿದ. "ಕೆಳಗಿಂದ ಮೂರನೇ ಸಾಲು, ಬಲಗಡೆ ಇದೆ" ಅಂದ. ಉತ್ತರ ಮಾತ್ರ ಬರಲಿಲ್ಲ.

ಹುಡುಗ ಸೋಮಾರಿಯಲ್ಲ. ತಪ್ಪು ಇದ್ದದ್ದು ಕಾರ್ಡಿನಲ್ಲಿ. ಫ್ಲ್ಯಾಶ್‌ಕಾರ್ಡ್ ಅಂದರೆ ಒಂದು ಕಡೆ ಪ್ರಶ್ನೆ, ಹಿಂಬದಿಯಲ್ಲಿ ಉತ್ತರ ಇರುವ ಕಾರ್ಡು. ಅವನು ಮಾಡಿದ್ದು ಅದಲ್ಲ, ನೋಟ್ಸಿನ ಒಂದು ಪುಟವನ್ನು ಚಿಕ್ಕದಾಗಿ ಕತ್ತರಿಸಿದ್ದು ಅಷ್ಟೇ. ಅವತ್ತು ಸಂಜೆವರೆಗೂ ಇಬ್ಬರೂ ಕೂತು ಆ ಕಟ್ಟನ್ನು ಬಿಚ್ಚಿ ಹೊಸದಾಗಿ ಮಾಡಿದೆವು. ಎಸ್ಸೆಸ್ಸೆಲ್ಸಿ, ಪಿಯುಸಿ, ನೀಟ್, ಇಲಾಖಾ ಪರೀಕ್ಷೆ, ಯಾವುದಕ್ಕೆ ಓದುವವರಿಗಾದರೂ ಈ ಕ್ರಮ ಉಪಯೋಗಕ್ಕೆ ಬರುತ್ತದೆ.

ಮೊದಲು ಇದು ಯಾಕೆ ಕೆಲಸ ಮಾಡುತ್ತದೆ ಅಂತ ತಿಳಿಯಿರಿ

ಜರ್ಮನಿಯ ಹರ್ಮನ್ ಎಬ್ಬಿಂಗ್‌ಹೌಸ್ ಎಂಬಾತ ಅರ್ಥವೇ ಇಲ್ಲದ ಮೂರಕ್ಷರದ ಉಲಿಗಳ ಪಟ್ಟಿಗಳನ್ನು ತಾನೇ ಬಾಯಿಪಾಠ ಮಾಡಿ, ಎಷ್ಟು ಹೊತ್ತಿಗೆ ಎಷ್ಟು ಮರೆಯುತ್ತೇನೆ ಅಂತ ಅಳೆದ. 1885ರಲ್ಲಿ ಅದನ್ನು ಪ್ರಕಟಿಸಿದ. ಮರೆವು ಮೊದಲ ಗಂಟೆಗಳಲ್ಲೇ ಜಾಸ್ತಿ, ಆಮೇಲೆ ನಿಧಾನವಾಗುತ್ತದೆ ಎಂಬುದು ಅವನಿಗೆ ಕಂಡದ್ದು. ಪೂರ್ತಿ ಮರೆಯುವ ಮೊದಲೇ ಒಮ್ಮೆ ನೆನಪಿಸಿಕೊಂಡರೆ ಮುಂದಿನ ಮರೆವು ಇನ್ನಷ್ಟು ತಡವಾಗುತ್ತದೆ. ಹಾಗಾಗಿ ಎರಡು ಓದಿನ ನಡುವಿನ ಅಂತರವನ್ನು ಹಿಗ್ಗಿಸುತ್ತಾ ಹೋಗಬಹುದು: ಇವತ್ತು, ನಾಡಿದ್ದು, ಮುಂದಿನ ವಾರ, ಮುಂದಿನ ತಿಂಗಳು.

ಇನ್ನೊಂದು ವಿಷಯ ಇದಕ್ಕಿಂತ ಮುಖ್ಯ. 2006ರಲ್ಲಿ ಅಮೆರಿಕದ ರೋಡಿಗರ್ ಮತ್ತು ಕಾರ್ಪಿಕ್ ಎಂಬ ಮನೋವಿಜ್ಞಾನಿಗಳು ವಿದ್ಯಾರ್ಥಿಗಳಿಗೆ ಒಂದು ಪಾಠ ಕೊಟ್ಟರು. ಕೆಲವರು ಅದನ್ನೇ ಮತ್ತೆ ಓದಿದರು. ಕೆಲವರು ಪಾಠ ಪಕ್ಕಕ್ಕಿಟ್ಟು ನೆನಪಿದ್ದಷ್ಟು ಬರೆದರು. ಐದು ನಿಮಿಷದ ನಂತರ ಕೇಳಿದಾಗ ಮತ್ತೆ ಓದಿದವರೇ ಮುಂದಿದ್ದರು. ಒಂದು ವಾರದ ನಂತರ ಕೇಳಿದಾಗ ನೆನಪಿನಿಂದ ಬರೆದವರು ಮುಂದಿದ್ದರು. ನಮ್ಮ ಹುಡುಗ ಮೋಸ ಹೋದದ್ದು ಇಲ್ಲೇ. ಮತ್ತೆ ಮತ್ತೆ ಓದಿದಾಗ ಎಲ್ಲ ಗೊತ್ತಿದೆ ಅನ್ನಿಸುತ್ತದೆ. ಆದರೆ ಪರೀಕ್ಷೆ ಕೇಳುವುದು ನೀವು ಓದಿದಿರಾ ಅಂತ ಅಲ್ಲ, ತಲೆಯೊಳಗಿಂದ ಹೊರಗೆ ತರುತ್ತೀರಾ ಅಂತ. ಕಾರ್ಡು ಆ ಹೊರಗೆ ತರುವ ಕೆಲಸವನ್ನು ಮಾಡಿಸಬೇಕು.

ಸಾಮಾನು

ಇದಕ್ಕೆ ಹೆಚ್ಚು ದುಡ್ಡು ಬೇಡ. ಮನೆಯಲ್ಲಿ ಹಳೆಯ ಮದುವೆ ಕರೆಯೋಲೆಗಳ ಕಟ್ಟು ಇದ್ದೇ ಇರುತ್ತದೆ, ಅಲ್ವಾ? ಖಾಲಿ ಇರುವ ಕಡೆಗಳನ್ನು ಬಸ್ ಪಾಸ್ ಅಳತೆಗೆ ಕತ್ತರಿಸಿದರೆ ಒಳ್ಳೆಯ ಗಟ್ಟಿ ಕಾರ್ಡು ಸಿಗುತ್ತದೆ. ಕೊಳ್ಳಲೇಬೇಕು ಅಂದರೆ ಅವೆನ್ಯೂ ರಸ್ತೆಯ ಸ್ಟೇಷನರಿ ಅಂಗಡಿಗಳಲ್ಲಿ ದಪ್ಪ ಕಾಗದ ಕೇಳಿ. ಒಂದು ಚಪ್ಪಲಿ ಡಬ್ಬ, ಒಳಗೆ ಐದು ಭಾಗ ಮಾಡಲು ನಾಲ್ಕು ರಟ್ಟಿನ ತುಂಡು. ಚಿಕ್ಕ ಕಾರ್ಡೇ ಇರಲಿ. ಜಾಗ ಕಡಿಮೆ ಇದ್ದಷ್ಟೂ ಜಾಸ್ತಿ ತುಂಬುವ ಆಸೆ ಹುಟ್ಟುವುದಿಲ್ಲ.

ಹಂತ 1: ಅರ್ಥ ಮಾಡಿಕೊಳ್ಳದೆ ಕಾರ್ಡು ಮಾಡಬೇಡಿ

ಪಾಠ ಓದಿ. ಪುಸ್ತಕ ಮುಚ್ಚಿ. ಎದುರಿಗೆ ಕೂತ ಗೆಳೆಯನಿಗೆ ಹೇಳುವ ಹಾಗೆ ಒಮ್ಮೆ ಬಾಯಿಬಿಟ್ಟು ಹೇಳಿ. ಆಮೇಲೆ ಕಾರ್ಡು ಬರೆಯಿರಿ. ಗೈಡಿನ ಸಾಲನ್ನು ಹಾಗೇ ಇಳಿಸಬೇಡಿ. ನಿಮ್ಮ ಮಾತಿನಲ್ಲಿ ಬರೆಯಿರಿ, ಮನೆಮಾತು ಬಂದರೂ ಪರವಾಗಿಲ್ಲ. ಗೆಳೆಯರು ಮಾಡಿದ ಕಾರ್ಡುಗಳ ಜೆರಾಕ್ಸ್ ತೆಗೆಸಿಕೊಳ್ಳುವವರನ್ನು ನೋಡಿದ್ದೇನೆ. ಅದರಲ್ಲಿ ಲಾಭ ಕಡಿಮೆ. ಏನನ್ನು ಕೇಳಬೇಕು ಅಂತ ಯೋಚಿಸುವುದರಲ್ಲೇ ಎಷ್ಟೋ ಕಲಿತಿರುತ್ತೀರಿ.

ಹಂತ 2: ಒಂದು ಕಾರ್ಡಿಗೆ ಒಂದೇ ಪ್ರಶ್ನೆ, ಒಂದೇ ಉತ್ತರ

ಇದೇ ಎಲ್ಲದರ ಬೇರು. ಸ್ವಲ್ಪ ನಿಧಾನವಾಗಿ ನೋಡೋಣ. ಆ ಅರ್ಕಾವತಿ ಕಾರ್ಡನ್ನು ನಾವು ಹೀಗೆ ಒಡೆದೆವು:

ಅರ್ಕಾವತಿ ಹುಟ್ಟುವ ಬೆಟ್ಟ ಯಾವುದು? — ನಂದಿ ಬೆಟ್ಟ.
ಅರ್ಕಾವತಿ ಕಾವೇರಿಯನ್ನು ಸೇರುವುದು ಎಲ್ಲಿ? — ಕನಕಪುರ ತಾಲೂಕಿನ ಸಂಗಮದಲ್ಲಿ.
ಬೆಂಗಳೂರಿನ ಒಳಗೆ ಹುಟ್ಟಿ ಅರ್ಕಾವತಿಗೆ ಸೇರುವ ಉಪನದಿ? — ವೃಷಭಾವತಿ.
ತಿಪ್ಪಗೊಂಡನಹಳ್ಳಿ ಜಲಾಶಯದಲ್ಲಿ ಅರ್ಕಾವತಿಯ ಜೊತೆ ಕೂಡುವ ನದಿ? — ಕುಮುದ್ವತಿ.
ತಿಪ್ಪಗೊಂಡನಹಳ್ಳಿ ಜಲಾಶಯ ಕಟ್ಟಿ ಮುಗಿದ ವರ್ಷ? — 1933.

ಒಂದು ಕಾರ್ಡು ಐದಾಯಿತು. "ಇಷ್ಟೊಂದು ಕಾರ್ಡು ಆದ್ರೆ ಓದಿ ಮುಗಿಸೋದು ಯಾವಾಗ?" ಅಂತ ಹುಡುಗ ಕೇಳಿದ. ಹದಿನಾಲ್ಕು ಸಾಲಿನ ಕಾರ್ಡಿಗೆ ಎರಡು ನಿಮಿಷ ಬೇಕು. ಚಿಕ್ಕ ಕಾರ್ಡಿಗೆ ಐದಾರು ಸೆಕೆಂಡು ಸಾಕು. ಅದಕ್ಕಿಂತ ದೊಡ್ಡ ಲಾಭ ಇನ್ನೊಂದಿದೆ. ದೊಡ್ಡ ಕಾರ್ಡಿನಲ್ಲಿ ನಾಲ್ಕು ಸರಿ, ಒಂದು ತಪ್ಪು ಬಂದರೆ ಅದನ್ನು ಸರಿ ಅನ್ನಬೇಕೋ ತಪ್ಪು ಅನ್ನಬೇಕೋ? ಸರಿ ಅಂದರೆ ಆ ತಪ್ಪು ಅಲ್ಲೇ ಉಳಿಯುತ್ತದೆ. ತಪ್ಪು ಅಂದರೆ ಗೊತ್ತಿರುವ ನಾಲ್ಕನ್ನೂ ಸುಮ್ನೆ ದಿನಾ ಓದಬೇಕಾಗುತ್ತದೆ. ಒಡೆದ ಮೇಲೆ ನಂದಿ ಬೆಟ್ಟದ ಕಾರ್ಡು ಎರಡು ವಾರದಲ್ಲೇ ಡಬ್ಬದ ಕೊನೆಯ ಭಾಗಕ್ಕೆ ಹೋಯಿತು (ಡಬ್ಬದ ಲೆಕ್ಕ ಹಂತ 6ರಲ್ಲಿದೆ). ಕುಮುದ್ವತಿ ಮಾತ್ರ ಇನ್ನೂ ಸತಾಯಿಸುತ್ತಿದೆ. ಯಾವುದಕ್ಕೆ ಶ್ರಮ ಹಾಕಬೇಕು ಅನ್ನುವುದು ಕಣ್ಣಿಗೇ ಕಾಣುತ್ತದೆ.

ಪ್ರಶ್ನೆ ಮೊನಚಾಗಿರಲಿ. 'ಅರ್ಕಾವತಿಯ ಮಹತ್ವವೇನು?' ಅನ್ನುವಂಥದ್ದು ಕಾರ್ಡಿಗೆ ಆಗುವುದಿಲ್ಲ, ಅದಕ್ಕೆ ಹತ್ತು ಉತ್ತರ ಇವೆ. ಸರಿಯಾದ ಉತ್ತರ ಒಂದೇ ಇರುವ ಹಾಗೆ ಕೇಳಿ.

ಹಂತ 3: ಗೊಂದಲ ಆಗುವ ಜೋಡಿಗೆ ಬೇರೆ ಕಾರ್ಡು

ಕೆಲವು ಸಂಗತಿಗಳು ಒಂದೊಂದಾಗಿ ಗೊತ್ತಿದ್ದರೂ ಪಕ್ಕಪಕ್ಕದಲ್ಲಿ ಬಂದಾಗ ಅದಲುಬದಲಾಗುತ್ತವೆ. 1956 ಮತ್ತು 1973 ಹಾಗೆ. ಎರಡೂ ನವೆಂಬರ್ 1. ಇಂಥ ಕಡೆ ವ್ಯತ್ಯಾಸವನ್ನೇ ಪ್ರಶ್ನೆ ಮಾಡಿ: '1956ರ ನವೆಂಬರ್ 1ರಂದು ಏಕೀಕರಣವಾದ ರಾಜ್ಯದ ಹೆಸರು ಏನಿತ್ತು?' — ಮೈಸೂರು. 'ಅದಕ್ಕೆ ಕರ್ನಾಟಕ ಎಂಬ ಹೆಸರು ಬಂದ ವರ್ಷ?' — 1973. ನದಿಗಳಲ್ಲೂ ಅಷ್ಟೇ. 'ನಂದಿ ಬೆಟ್ಟದ ಸೀಮೆಯಲ್ಲಿ ಹುಟ್ಟಿಯೂ ಕಾವೇರಿಗೆ ಸೇರದೆ, ತಮಿಳುನಾಡಿನ ಮೂಲಕ ನೇರ ಬಂಗಾಳ ಕೊಲ್ಲಿಗೆ ಹೋಗುವ ಪಿನಾಕಿನಿ ಯಾವುದು?' — ದಕ್ಷಿಣ ಪಿನಾಕಿನಿ.

ಹಂತ 4: ಪಟ್ಟಿ ಇದ್ದರೆ ಬಿಟ್ಟ ಸ್ಥಳ ತುಂಬಿ

'ಕಾವೇರಿಯ ಉಪನದಿಗಳನ್ನು ಹೆಸರಿಸಿ' ಅಂತ ಬರೆದರೆ ಪ್ರತಿ ಸಲ ಒಂದು ತಪ್ಪಿಹೋಗುತ್ತದೆ, ಅದೂ ಬೇರೆ ಬೇರೆಯದು. ಶಾಲೆಯಲ್ಲಿ ಮಾಡಿದ ಹಾಗೆ ಒಂದನ್ನು ಬಿಟ್ಟು ಉಳಿದದ್ದು ಬರೆಯಿರಿ: 'ಹಾರಂಗಿ, ಹೇಮಾವತಿ, ______, ಕಬಿನಿ, ಶಿಂಷಾ, ಅರ್ಕಾವತಿ.' ಇಲ್ಲಿ ಬಿಟ್ಟದ್ದು ಲಕ್ಷ್ಮಣತೀರ್ಥ. ಮುಂದಿನ ಕಾರ್ಡಿನಲ್ಲಿ ಬೇರೊಂದನ್ನು ಬಿಡಿ.

ನಕ್ಷೆ, ಹೃದಯದ ಚಿತ್ರ, ಹೂವಿನ ಭಾಗಗಳು ಇದ್ದರೆ ಕೈಯಲ್ಲೇ ಬರೆದು ಒಂದು ಹೆಸರಿನ ಜಾಗದಲ್ಲಿ ಪ್ರಶ್ನೆ ಚಿಹ್ನೆ ಹಾಕಿ. ಚಿತ್ರ ಚೆನ್ನಾಗಿರಬೇಕು ಅಂತೇನಿಲ್ಲ.

ಹಂತ 5: 'ಯಾಕೆ' ಕಾರ್ಡುಗಳೂ ಇರಲಿ

ಬರೀ ಹೆಸರು, ಇಸವಿ ತುಂಬಿದ ಡಬ್ಬ ಬೇಗ ಬೇಜಾರು ತರುತ್ತದೆ. 'ಬೆಂಗಳೂರಿಗೆ ಕಾವೇರಿ ನೀರನ್ನು ಪಂಪ್ ಮಾಡಿಯೇ ತರಬೇಕು, ಯಾಕೆ?' — ಊರು ಸಮುದ್ರ ಮಟ್ಟದಿಂದ ಸುಮಾರು 900 ಮೀಟರ್ ಎತ್ತರದಲ್ಲಿದೆ, ನದಿ ಅದಕ್ಕಿಂತ ಬಹಳ ಕೆಳಗೆ ಹರಿಯುತ್ತದೆ. ಇಂಥದ್ದು ಒಂದು ಗೊತ್ತಿದ್ದರೆ ಸುತ್ತಲಿನ ಹತ್ತು ಸಂಗತಿಗಳಿಗೆ ಗೂಟ ಸಿಕ್ಕ ಹಾಗೆ.

ಹಂತ 6: ಡಬ್ಬದ ಲೆಕ್ಕ

ಈ ಡಬ್ಬದ ಕ್ರಮವನ್ನು 1972ರಲ್ಲಿ ಜನಪ್ರಿಯ ಮಾಡಿದವರು ಜರ್ಮನ್ ಭಾಷೆಯ ಪತ್ರಕರ್ತ ಸೆಬಾಸ್ಟಿಯನ್ ಲೈಟ್ನರ್. ಹೊಸ ಕಾರ್ಡುಗಳೆಲ್ಲ ಒಂದನೇ ಭಾಗದಲ್ಲಿರುತ್ತವೆ. ಸರಿ ಹೇಳಿದರೆ ಕಾರ್ಡು ಮುಂದಿನ ಭಾಗಕ್ಕೆ ಹೋಗುತ್ತದೆ. ತಪ್ಪಿದರೆ, ಎಷ್ಟನೇ ಭಾಗದಲ್ಲೇ ಇರಲಿ, ವಾಪಸ್ ಒಂದನೆಯದಕ್ಕೆ ಬರುತ್ತದೆ. ನಾವು ಇಟ್ಟುಕೊಂಡ ಅಂತರ ಹೀಗೆ: ಒಂದನೇ ಭಾಗ ದಿನಾ, ಎರಡನೆಯದು ಎರಡು ದಿನಕ್ಕೊಮ್ಮೆ, ಮೂರನೆಯದು ನಾಲ್ಕು ದಿನಕ್ಕೆ, ನಾಲ್ಕನೆಯದು ವಾರಕ್ಕೆ, ಐದನೆಯದು ಹದಿನೈದು ದಿನಕ್ಕೆ. ಪರೀಕ್ಷೆ ದೂರ ಇದ್ದರೆ ಕೊನೆಯದನ್ನು ತಿಂಗಳಿಗೆ ಹಿಗ್ಗಿಸಬಹುದು.

ಮೊಬೈಲ್ ಇಷ್ಟಪಡುವವರಿಗೆ 'ಆಂಕಿ' ಇದೆ. 2006ರಲ್ಲಿ ಬಂದ ಆ್ಯಪ್. ಕಂಪ್ಯೂಟರ್ ಮತ್ತು ಆಂಡ್ರಾಯ್ಡ್‌ನಲ್ಲಿ ಉಚಿತ, ಐಫೋನಿಗೆ ದುಡ್ಡು ಕೊಡಬೇಕು. ಕನ್ನಡದಲ್ಲೇ ಟೈಪ್ ಮಾಡಬಹುದು. ಅಂತರದ ಲೆಕ್ಕವನ್ನು ಅದೇ ಇಡುತ್ತದೆ. ಆದರೆ ಮೊದಲ ನೂರು ಕಾರ್ಡನ್ನು ಕಾಗದದಲ್ಲೇ ಮಾಡಿ ಅನ್ನುವುದು ನನ್ನ ಸಲಹೆ. ಕೈಯಲ್ಲಿ ಬರೆದಾಗ ಉದ್ದ ಬರೆಯಲು ಕೈ ಒಪ್ಪುವುದಿಲ್ಲ, ಪ್ರಶ್ನೆ ತಾನಾಗೇ ಚಿಕ್ಕದಾಗುತ್ತದೆ.

ಹಂತ 7: ತಿರುಗಿಸುವ ಮೊದಲು ಬಾಯಿಬಿಟ್ಟು ಹೇಳಿ

ಉತ್ತರ ನೋಡಿ 'ಹ್ಞಾಂ, ಗೊತ್ತಿತ್ತು' ಅನ್ನುವುದು ಎಲ್ಲರಿಗೂ ಬರುವ ಚಟ. ಅದಕ್ಕೇ ಮೊದಲು ಉತ್ತರ ಹೇಳಿ, ಆಮೇಲೆ ತಿರುಗಿಸಿ. ನಮ್ಮ ಹುಡುಗ ವಿಜಯನಗರದಲ್ಲಿ ಮೆಟ್ರೊ ಹತ್ತಿ ಕಬ್ಬನ್ ಪಾರ್ಕ್ ಒಳಗಿನ ಕೇಂದ್ರ ಗ್ರಂಥಾಲಯಕ್ಕೆ ಓದಲು ಹೋಗುತ್ತಾನೆ. ಆ ದಾರಿಯಲ್ಲೇ ಅವತ್ತಿನ ಒಂದನೇ ಭಾಗ ಮುಗಿಯುತ್ತದೆ. ಪಕ್ಕದವರು ನೋಡುತ್ತಾರೆ ಅಂತ ತುಟಿಯಲ್ಲೇ ಹೇಳಿಕೊಳ್ಳುತ್ತಾನೆ. ಅಷ್ಟು ಸಾಕು.

ಹೊಸ ಕಾರ್ಡು ದಿನಕ್ಕೆ ಹತ್ತು ಮೀರಬೇಡಿ. ತಿಂಗಳಿಗೆ ಅದೇ 300 ಆಗುತ್ತದೆ, ಹಳೆಯವು ವಾಪಸ್ ಬರುತ್ತಲೇ ಇರುತ್ತವೆ. ನಾಲ್ಕೈದು ಸಲ ತಪ್ಪಿದ ಕಾರ್ಡನ್ನು ಇನ್ನೂ ಹತ್ತು ಸಲ ಉರು ಹೊಡೆಯಬೇಡಿ. ಅದನ್ನು ಹರಿದು ಹಾಕಿ, ಪ್ರಶ್ನೆ ಬದಲಿಸಿ ಹೊಸದು ಬರೆಯಿರಿ. ಕುಮುದ್ವತಿಗೆ ಈಗ ಅದನ್ನೇ ಮಾಡಿದ್ದೇವೆ. ಎರಡು ನದಿ ಕೂಡುವ ಚಿತ್ರ ಬರೆದು, ಒಂದಕ್ಕೆ ಹೆಸರು ಬರೆದು ಇನ್ನೊಂದನ್ನು ಖಾಲಿ ಬಿಟ್ಟಿದ್ದೇವೆ.

ಲೆಕ್ಕ ಬಿಡಿಸುವುದು, ಪ್ರಬಂಧ ಬರೆಯುವುದು ಕಾರ್ಡಿನಿಂದ ಬರುವುದಿಲ್ಲ. ಅವಕ್ಕೆ ಕೂತು ಬಿಡಿಸಿ, ಬರೆದೇ ಕಲಿಯಬೇಕು. ಸೂತ್ರ, ವ್ಯಾಖ್ಯೆಗಳಿಗೆ ಕಾರ್ಡು ಸಾಕು.

ಹಬ್ಬಕ್ಕೆ ಊರಿಗೆ ಹೋಗಿ ಒಂದು ವಾರ ತಪ್ಪಿತು ಅನ್ನಿ. ಡಬ್ಬ ತುಂಬಿದ್ದು ನೋಡಿ ಎದೆ ಒಡೆದುಕೊಳ್ಳಬೇಡಿ. ಹೊಸ ಕಾರ್ಡು ನಿಲ್ಲಿಸಿ. ದಿನಕ್ಕೆ ಮೂವತ್ತರಂತೆ ಮೊದಲು ಒಂದನೇ ಭಾಗ, ಆಮೇಲೆ ಎರಡನೆಯದು, ಹೀಗೆ ಮುಂದಕ್ಕೆ ಹೋಗಿ. ಬಾಕಿ ಮುಗಿದ ಮಾರನೇ ದಿನದಿಂದ ಮತ್ತೆ ಹೊಸ ಹತ್ತು ಶುರು ಮಾಡಿ.