ಕಡ್ಡಿ ಹುಳು ಸಾಕುವುದು ಹೇಗೆ?

ಕೊಂಬೆಯಲ್ಲಿ ಹತ್ತು ಹುಳು ಕೂತಿದ್ದರೂ ಮೊದಲ ನೋಟಕ್ಕೆ ಎರಡು ಮೂರು ಕಂಡರೆ ಹೆಚ್ಚು. ಮೆಲ್ಲಗೆ ಉಸಿರು ಊದಿ ನೋಡಿ: ಗಾಳಿಗೆ ತೂಗುವ ಕಡ್ಡಿಯ ಹಾಗೆ ಅತ್ತಿತ್ತ ಓಲಾಡುತ್ತವೆ. ಕಡ್ಡಿ ಹುಳುಗಳಲ್ಲಿ 3,000ಕ್ಕೂ ಹೆಚ್ಚು ಜಾತಿಗಳಿವೆ. ಹೊಸಬರಿಗೆ ದಕ್ಷಿಣ ಭಾರತ ಮೂಲದ, 8ರಿಂದ 10 ಸೆಂ.ಮೀ. ಬೆಳೆಯುವ ‘ಇಂಡಿಯನ್ ಸ್ಟಿಕ್ ಇನ್‌ಸೆಕ್ಟ್’ ಒಳ್ಳೆಯದು. ಕೆಲವು ದೇಶಗಳಲ್ಲಿ ಸಾಕಲು ಪರವಾನಗಿ ಬೇಕು, ತರುವ ಮುಂಚೆಯೇ ವಿಚಾರಿಸಿಕೊಳ್ಳಿ.

ಮೊದಲು ಗೂಡು. ಅಗಲಕ್ಕಿಂತ ಎತ್ತರ ಮುಖ್ಯ. ಹುಳುವಿನ ಉದ್ದದ ಮೂರು ಪಟ್ಟು, ಅಂದರೆ ಕನಿಷ್ಠ 30 ಸೆಂ.ಮೀ. ಇರಲಿ. ಇದರಲ್ಲಿ ಮಾತ್ರ ರಾಜಿ ಬೇಡ. ಬೆಳೆಯುವ ಹುಳು ಹಲವು ಸಲ ಪೊರೆ ಬಿಡುತ್ತದೆ. ತಲೆಕೆಳಗಾಗಿ ಜೋತುಬಿದ್ದು, ಬೆನ್ನ ಬಳಿ ಬಿರಿದ ಹಳೆಯ ಚರ್ಮದಿಂದ ಒಂದೊಂದೇ ಕಾಲು ಎಳೆದುಕೊಂಡು ಜಾರಿ ಇಳಿಯುತ್ತದೆ. ಆಗ ಮೈ ಮೆತ್ತಗಿರುತ್ತದೆ. ಕೆಳಗೆ ಜಾಗ ಸಾಲದೆ ನೆಲ ತಾಗಿದರೆ ಕಾಲುಗಳು ಸೊಟ್ಟಗೇ ಗಟ್ಟಿಯಾಗುತ್ತವೆ. ಹೀಗೆ ಜೋತಿರುವ ಹುಳುವನ್ನು ಮುಟ್ಟಲೇಬೇಡಿ. ಕಳಚಿದ ಪೊರೆಯನ್ನೂ ಬಿಟ್ಟುಬಿಡಿ, ಅದೇ ತಿನ್ನುತ್ತದೆ. ಹತ್ತಲು, ಗಾಳಿಯಾಡಲು ಒಂದು ಬದಿಗೆ ಸಣ್ಣ ಕಣ್ಣಿನ ಜಾಲರಿ ಹಾಕಿ.

ಆಹಾರಕ್ಕೆ ಗುಲಾಬಿ, ಬ್ಲ್ಯಾಕ್‌ಬೆರಿ ಅಥವಾ ಐವಿ ಎಲೆ ಸಾಕು. ಹೂವಿನ ಅಂಗಡಿಯ ಗುಲಾಬಿ ಬೇಡ. ಔಷಧಿ ಸಿಂಪಡಿಸಿದ್ದರೆ ಇಡೀ ಗೂಡೇ ಖಾಲಿಯಾದೀತು. ಕೊಂಬೆಗಳನ್ನು ನೀರಿನ ಸೀಸೆಯಲ್ಲಿಟ್ಟು ಬಾಯಿಗೆ ಹತ್ತಿ ತುರುಕಿ, ಇಲ್ಲದಿದ್ದರೆ ಮರಿಗಳು ಬಿದ್ದು ಮುಳುಗುತ್ತವೆ. ಇವು ರಾತ್ರಿ ಮೇಯುವ ಜೀವಿಗಳು. ಸಂಜೆ ಎಲೆಗಳ ಮೇಲೆ ತುಸು ನೀರು ಚಿಮುಕಿಸಿದರೆ ಹನಿ ಹೀರಿಕೊಳ್ಳುತ್ತವೆ.

ಎತ್ತಿಕೊಳ್ಳಬೇಕೆನಿಸಿದರೆ ಕಾಲು ಹಿಡಿದು ಎಳೆಯಬೇಡಿ, ಕಿತ್ತು ಬರುತ್ತದೆ. ಮರಿಗಾದರೆ ಮುಂದಿನ ಪೊರೆಗಳಲ್ಲಿ ಕಾಲು ಮತ್ತೆ ಚಿಗುರುತ್ತದೆ, ಬೆಳೆದದ್ದಕ್ಕೆ ಇಲ್ಲ. ಅಂಗೈ ಮುಂದಿಟ್ಟು ಕಾಯಿರಿ, ತಾನಾಗಿ ಹತ್ತಿ ಬರುತ್ತದೆ.

ನೆಲ ಗುಡಿಸುವಾಗ ಹಿಕ್ಕೆಯ ನಡುವೆ ಕಣ್ಣಿಟ್ಟು ನೋಡಿ. ಒಂದು ತುದಿಯಲ್ಲಿ ತಿಳಿ ಬಣ್ಣದ ಗುಬುಟಿರುವ, ಬೀಜದಂಥ ಕಂದು ಕಾಳುಗಳೇ ಮೊಟ್ಟೆ. ಈ ಜಾತಿಯ ಹೆಣ್ಣಿಗೆ ಗಂಡಿನ ಹಂಗಿಲ್ಲ. ಒಂಟಿಯಾಗಿಯೇ ನೂರಾರು ಮೊಟ್ಟೆ ಉದುರಿಸುತ್ತದೆ. ಸಾಕಲು ಆಗುವಷ್ಟನ್ನು ಮಾತ್ರ ಚಿಕ್ಕ ಡಬ್ಬಿಯಲ್ಲಿಡಿ, ಕೆಲವು ತಿಂಗಳಲ್ಲಿ ಮರಿಯಾಗುತ್ತವೆ. ಉಳಿದವನ್ನು ತಡಮಾಡದೆ ಫ್ರೀಜರ್‌ನಲ್ಲಿ ಕೆಲವು ದಿನ ಇಟ್ಟು, ಆಮೇಲೆ ಕಸಕ್ಕೆ ಹಾಕಿ. ಪಾಪ ಎಂದು ತೋಟಕ್ಕೆ ಬಿಡಬೇಡಿ: ಕ್ಯಾಲಿಫೋರ್ನಿಯಾದಲ್ಲಿ ಹೀಗೆ ಹೊರಬಿದ್ದ ಹುಳುಗಳು ಈಗ ಗಿಡಗಳಿಗೆ ಪೀಡೆಯಾಗಿವೆ.