ನಾಲೆ ಸೇತುವೆಯ ತೊಲೆಗೆ ಫೈಬರ್ ಸೆನ್ಸರ್: ಬಿಸಿಲನ್ನೂ ಹೊರೆಯನ್ನೂ ಬೇರೆ ಮಾಡುವುದು

ಮಂಡ್ಯದ ಕಡೆ ನಾಲೆ ದಾಟುವ ಒಂದು ಚಿಕ್ಕ ಸೇತುವೆ. ಕಬ್ಬಿನ ಹಂಗಾಮಿನಲ್ಲಿ ತುಂಬಿದ ಟ್ರ್ಯಾಕ್ಟರುಗಳು ಹಾಯುವಾಗ ಅದರ ಉಕ್ಕಿನ ತೊಲೆ ಎಷ್ಟು ಹಿಗ್ಗುತ್ತದೆ ಎಂದು ಅಳೆಯಲು ನಾವು ಬಳಸಿದ್ದು ಫೈಬರ್ ಬ್ರ್ಯಾಗ್ ಗ್ರೇಟಿಂಗ್. ಗಾಜಿನ ಎಳೆಯೊಳಗೆ 10 ಮಿ.ಮೀ. ಉದ್ದಕ್ಕೆ ಮೂಡಿಸಿದ ಸೂಕ್ಷ್ಮ ಪಟ್ಟೆಗಳು ಒಂದು ನಿರ್ದಿಷ್ಟ ತರಂಗಾಂತರದ ಬೆಳಕನ್ನು ಮಾತ್ರ ಹಿಂದಕ್ಕೆ ಕಳಿಸುತ್ತವೆ. ಎಳೆ ಹಿಗ್ಗಿದರೂ, ಕಾದರೂ ಆ ತರಂಗಾಂತರ ಏರುತ್ತದೆ. 1550 ನ್ಯಾನೋಮೀಟರ್ ಆಸುಪಾಸಿನಲ್ಲಿ ಒಂದು ಮೈಕ್ರೋಸ್ಟ್ರೇನಿಗೆ (ಉದ್ದದ ಹತ್ತು ಲಕ್ಷದಲ್ಲೊಂದು ಪಾಲು ಹಿಗ್ಗಿದರೆ) ಸುಮಾರು 1.2 ಪಿಕೋಮೀಟರ್ (ನ್ಯಾನೋಮೀಟರಿನ ಸಾವಿರದಲ್ಲೊಂದು ಪಾಲು), ಒಂದು ಡಿಗ್ರಿಗೆ ಸುಮಾರು 10 ಪಿಕೋಮೀಟರ್ ಏರುತ್ತದೆ.

ಉಕ್ಕಿಗೆ ಅಂಟಿಸಿದ ಮೇಲೆ ಉಕ್ಕು ಹಿಗ್ಗುವುದೂ ಸೇರಿ ಡಿಗ್ರಿಗೆ ಸುಮಾರು 24 ಆಗುತ್ತದೆ. ಬೆಳಗಿನಿಂದ ಮಧ್ಯಾಹ್ನಕ್ಕೆ ತೊಲೆ 20 ಡಿಗ್ರಿ ಕಾದರೆ 480 ಪಿಕೋಮೀಟರ್. 20 ಮೆಗಾಪಾಸ್ಕಲ್ ಒತ್ತಡ ತರುವ ಹೊರೆಯಿಂದ ಬರುವುದು 100 ಮೈಕ್ರೋಸ್ಟ್ರೇನ್, ಅಂದರೆ ಬರೀ 120. ಒಂದು ಟ್ರ್ಯಾಕ್ಟರ್ ದಾಟುವ ಕೆಲವು ಸೆಕೆಂಡಿನಲ್ಲಿ ಬಿಸಿಲು ಬದಲಾಗುವುದಿಲ್ಲ, ಅಲ್ಲಿ ಚಿಂತೆಯಿಲ್ಲ. ತಿಂಗಳುಗಟ್ಟಲೆ ತೊಲೆ ಹೇಗಿದೆ ಎಂದು ನೋಡಬೇಕಾದರೆ ಬಿಸಿಲನ್ನು ಕಳೆಯಲೇಬೇಕು.

ಬಹಳ ಮಂದಿ ಪಕ್ಕದಲ್ಲಿ ಒಂದು ಗ್ರೇಟಿಂಗನ್ನು ಸಡಿಲವಾಗಿ ಕೊಳವೆಯಲ್ಲಿಟ್ಟು ಅದರ ಓದನ್ನು ನೇರ ಕಳೆದುಬಿಡುತ್ತಾರೆ. ಸಡಿಲ ಎಳೆ ಡಿಗ್ರಿಗೆ 10 ತೋರಿಸಿದರೆ ಅಂಟಿದ್ದು 24 ತೋರಿಸುತ್ತದೆ. ಉಳಿದ 14 ಹೊರೆಯ ಲೆಕ್ಕಕ್ಕೆ ಸೇರಿಬಿಡುತ್ತದೆ. 20 ಡಿಗ್ರಿಗೆ ಅದೇ 230 ಮೈಕ್ರೋಸ್ಟ್ರೇನಿನ ತಪ್ಪು. ನಾವು ಮಾಡಿದ್ದು ಹೀಗೆ: ಅದೇ ದಪ್ಪದ ಉಕ್ಕಿನ ತುಂಡಿಗೆ ಎರಡನೇ ಗ್ರೇಟಿಂಗನ್ನು ಅದೇ ಕ್ರಮದಲ್ಲಿ ಅಂಟಿಸಿ, ತುಂಡನ್ನು ತೊಲೆಗೆ ಒಂದೇ ತುದಿಯಲ್ಲಿ ಹಿಡಿಸಿ, ನಡುವೆ ತೆಳ್ಳಗೆ ಹೀಟ್‌ಸಿಂಕ್ ಪೇಸ್ಟ್ ಸವರಿ, ಅದೇ ಬಣ್ಣ ಬಳಿದೆವು. ತುಂಡು ಕಾಯುತ್ತದೆ, ಹೊರೆ ಹೊರುವುದಿಲ್ಲ. ಆಗ ನೇರ ಕಳೆಯಬಹುದು. ಎರಡೂ ತುದಿ ಬಿಗಿಯಾದ ತೊಲೆಯಲ್ಲಿ ಕಾವಿನಿಂದ ಹುಟ್ಟುವ ಒತ್ತಡವೂ ಓದಿನಲ್ಲಿ ಉಳಿಯುತ್ತದೆ. ಅದು ನಿಜವಾದ ಒತ್ತಡ, ಉಳಿಯಬೇಕು.

ಅಂಟಿಸುವುದರಲ್ಲೇ ಹೆಚ್ಚು ಕೆಡುತ್ತದೆ. ಬಣ್ಣ ಕೆರೆದು 80, 220, 320 ನಂಬರಿನ ಎಮರಿ ಪೇಪರಿನಲ್ಲಿ ಉಜ್ಜಿ, ಬಟ್ಟೆ ಬೆಳ್ಳಗೆ ಬರುವವರೆಗೆ ಐಸೋಪ್ರೊಪೈಲ್ ಆಲ್ಕೋಹಾಲಿನಲ್ಲಿ ಒರೆಸಬೇಕು. ಅಕ್ರಿಲೇಟ್ ಲೇಪದ ಎಳೆಯಾದರೆ ಅಂಟುವ ಜಾಗದಲ್ಲಿ ಲೇಪ ತೆಗೆಯಬೇಕು. ಮೆತ್ತನೆಯ ಲೇಪ ಒಳಗೇ ಜಾರಿ ಸ್ಟ್ರೇನ್ ಕಡಿಮೆ ತೋರಿಸುತ್ತದೆ. ಪಾಲಿಇಮೈಡ್ ಲೇಪವಾದರೆ ತೆಗೆಯದೆ ಅಂಟಿಸಬಹುದು. ಎಳೆಯ ಒಂದು ತುದಿ ಟೇಪಿನಲ್ಲಿ ಹಿಡಿದು, ಇನ್ನೊಂದನ್ನು ರಾಟೆಯ ಮೇಲೆ ಹಾಯಿಸಿ 70 ಗ್ರಾಂ ತೂಕ ತೂಗುಬಿಟ್ಟರೆ ತರಂಗಾಂತರ ಸುಮಾರು 1 ನ್ಯಾನೋಮೀಟರ್ ಏರುವಷ್ಟು ಮುಂಗಡ ಬಿಗಿ ಸಿಗುತ್ತದೆ. ಹೊರೆ ಬಿದ್ದಾಗ ಕುಗ್ಗುವ ಮೇಲಿನ ಫ್ಲ್ಯಾಂಜಿನಲ್ಲಿ (ತೊಲೆಯ ಮೇಲಿನ ಅಗಲ ಪಟ್ಟಿಯಲ್ಲಿ) ಇದು ಬೇಕೇ ಬೇಕು, ಇಲ್ಲದಿದ್ದರೆ ಎಳೆ ಬಾಗುತ್ತದೆ. ಎರಡು ಭಾಗದ ಎಪಾಕ್ಸಿಯನ್ನು 40 ಮಿ.ಮೀ. ಉದ್ದಕ್ಕೆ ತೆಳ್ಳಗೆ, ಗುಳ್ಳೆಯಿಲ್ಲದೆ ಹಚ್ಚಿ 24 ಗಂಟೆ ಮುಟ್ಟದಿರಬೇಕು. ಅಂಟು ಒಂದೆಡೆ ದಪ್ಪ, ಒಂದೆಡೆ ತೆಳುವಾದರೆ ಹಿಂದಕ್ಕೆ ಬರುವ ಬೆಳಕಿನ ಶಿಖರ ಎರಡಾಗಿ ಒಡೆಯುತ್ತದೆ, ಇಂಟರಾಗೇಟರಿನ (ಬೆಳಕು ಕಳಿಸಿ ತರಂಗಾಂತರ ಅಳೆಯುವ ಪೆಟ್ಟಿಗೆಯ) ಓದು ಅಲ್ಲಿಂದಿಲ್ಲಿಗೆ ನೆಗೆಯುತ್ತದೆ. ಒಣಗುವಾಗ ಅಂಟು ಕುಗ್ಗಿ ಓದೂ ಸರಿಯುವುದರಿಂದ ಸೊನ್ನೆ ಓದನ್ನು ಒಣಗಿದ ಮೇಲೆ, ಸೂರ್ಯ ಹುಟ್ಟುವ ಮುಂಚೆ, ತೊಲೆಯೆಲ್ಲ ಒಂದೇ ಕಾವಿನಲ್ಲಿರುವಾಗ ತೆಗೆದುಕೊಳ್ಳಬೇಕು.

ಮೇಲೆ ಮುಚ್ಚುವ ಸಿಲಿಕೋನ್ ವಿನೆಗರ್ ವಾಸನೆಯದ್ದಾಗಿರಬಾರದು, ಉಕ್ಕು ತುಕ್ಕು ಹಿಡಿಯುತ್ತದೆ. ನ್ಯೂಟ್ರಲ್ ಕ್ಯೂರ್ ತನ್ನಿ. ಸ್ಪ್ಲೈಸ್ ಮಾಡುವುದು, ಅಂದರೆ ಎಳೆಗೆ ಎಳೆ ಬೆಸೆಯುವುದು, ಕಿಟಕಿ ಮುಚ್ಚಿದ ವ್ಯಾನಿನೊಳಗೆ, ಗಾಳಿ ದೂಳು ತಾಗದಂತೆ. ಹಸಿರು ಎಪಿಸಿ ಕನೆಕ್ಟರನ್ನು ನೀಲಿ ಪಿಸಿಗೆ ಜೋಡಿಸಬೇಡಿ, ಎಂಟು ಡಿಗ್ರಿ ಓರೆಯ ತುದಿ ನೇರ ತುದಿಗೆ ಕೂರುವುದಿಲ್ಲ. ಒಂದೇ ಎಳೆಯಲ್ಲಿ ತರಂಗಾಂತರದಲ್ಲಿ 5 ನ್ಯಾನೋಮೀಟರ್ ಅಂತರವಿರುವ ನಾಲ್ಕು ಗ್ರೇಟಿಂಗ್ ಇಟ್ಟು, ಎಳೆಯ ಎರಡೂ ತುದಿಗಳನ್ನು ಇಂಟರಾಗೇಟರ್ ಪೆಟ್ಟಿಗೆಗೆ ತಂದಿದ್ದೇವೆ. ನಡುವೆ ಇಲಿ ಕಡಿದರೂ ಒಂದೊಂದು ಕಡೆಯಿಂದ ಒಂದೊಂದು ಭಾಗ ಓದಬಹುದು.