ಪಿಎಫ್, ಪಿಪಿಎಫ್, ಎನ್‌ಪಿಎಸ್: ನಾವಿಬ್ಬರೂ ಆರಿಸಿಕೊಂಡ ಬಗೆ

ಅಪ್ಪ ಸರ್ಕಾರಿ ಪ್ರಾಥಮಿಕ ಶಾಲೆಯ ಮೇಷ್ಟ್ರು. 2018ರಲ್ಲಿ ಅವರು ಹೋದ ಮೇಲೆ ಅಮ್ಮನಿಗೆ ಕುಟುಂಬ ಪಿಂಚಣಿ ಶುರುವಾಯಿತು. ತಿಪಟೂರಿನ ಬ್ಯಾಂಕಿಗೆ ತಿಂಗಳು ತಿಂಗಳು ಹಣ ಬಂದು ಬೀಳುತ್ತದೆ. ಅಮ್ಮ ಇವತ್ತಿನವರೆಗೂ ಯಾರ ಮುಂದೆಯೂ ಕೈ ಚಾಚಿಲ್ಲ.

ನನಗೆ 40 ತುಂಬಿದ ವರ್ಷ, 2022ರಲ್ಲಿ, ನಮ್ಮ ಮನೆಯ ಲೆಕ್ಕ ಹಾಕಲು ಕೂತೆ. ನಾನು ಪೀಣ್ಯದ ಒಂದು ಕಾರ್ಖಾನೆಯ ಸ್ಟೋರ್ಸ್‌ನಲ್ಲಿದ್ದೇನೆ. ನಮ್ಮ ಯಜಮಾನರು ಎಲೆಕ್ಟ್ರಿಕಲ್ ಕಾಂಟ್ರಾಕ್ಟ್ ಕೆಲಸ ಮಾಡುತ್ತಾರೆ. ಅಪ್ಪನಿಗೆ ಇದ್ದಂಥ ಪಿಂಚಣಿ ನಮ್ಮಿಬ್ಬರಿಗೂ ಇಲ್ಲ.

ಮೊದಲು ನನ್ನ ಪಿಎಫ್ ಪಾಸ್‌ಬುಕ್ ತೆಗೆದು ನೋಡಿದೆ. ನನ್ನ ಬೇಸಿಕ್ 32,000. ಅದರ ಶೇ 12, ಅಂದರೆ 3,840 ರೂಪಾಯಿ ನನ್ನ ಸಂಬಳದಿಂದ ಹೋಗುತ್ತದೆ. ಕಂಪನಿಯೂ ಅಷ್ಟೇ ಹಾಕುತ್ತದೆ. ಆದರೆ ಕಂಪನಿಯ ಪಾಲಿನಲ್ಲಿ 1,250 ರೂಪಾಯಿ ಪಿಎಫ್‌ಗೆ ಸೇರುವುದಿಲ್ಲ, ಪಿಂಚಣಿ ಯೋಜನೆಗೆ ಹೋಗುತ್ತದೆ. ಉಳಿದ 2,590 ಮಾತ್ರ ನನ್ನ ಪಿಎಫ್‌ಗೆ. ಅಷ್ಟು ವರ್ಷ ನಾನು ಇದನ್ನು ಗಮನಿಸಿಯೇ ಇರಲಿಲ್ಲ.

ಆ ಪಿಂಚಣಿ ಎಷ್ಟು ಬರಬಹುದು ಎಂದೂ ನೋಡಿದೆ. ಸೂತ್ರ ಸುಲಭ: ಸಂಬಳವನ್ನು ಸೇವೆಯ ವರ್ಷಗಳಿಂದ ಗುಣಿಸಿ 70ರಿಂದ ಭಾಗಿಸಬೇಕು. ಆದರೆ ಸಂಬಳ ಎಷ್ಟೇ ಇದ್ದರೂ ನನ್ನಂಥವರಿಗೆ ಲೆಕ್ಕಕ್ಕೆ ಹಿಡಿಯುವುದು 15,000 ಮಾತ್ರ. 58ಕ್ಕೆ ನನಗೆ ಸಿಗುವುದು ತಿಂಗಳಿಗೆ ಸುಮಾರು 6,000. ಅದರಲ್ಲಿ ನಮ್ಮ ಮನೆ ಬಾಡಿಗೆಯೂ ಹುಟ್ಟುವುದಿಲ್ಲ.

ಇಲ್ಲಿ ನನ್ನ ಒಂದು ತಪ್ಪು ಹೇಳಲೇಬೇಕು. 2009ರಲ್ಲಿ ಸೇರಿದ ಮೊದಲ ಕೆಲಸವನ್ನು 2013ರಲ್ಲಿ ಬಿಟ್ಟೆ. ಆಗ ಮನೆ ಬದಲಾಯಿಸಬೇಕಿತ್ತು, ಹತ್ತು ತಿಂಗಳ ಅಡ್ವಾನ್ಸ್ ಕೊಡಬೇಕಿತ್ತು. ಪಿಎಫ್‌ನಲ್ಲಿದ್ದ 1,40,000 ರೂಪಾಯಿ ಪೂರ್ತಿ ತೆಗೆದೆ. ಜೊತೆಗೆ 10ಸಿ ಫಾರ್ಮ್ ತುಂಬಿ ಪಿಂಚಣಿಯ ಭಾಗವನ್ನೂ ತೆಗೆದುಬಿಟ್ಟೆ. ಎಲ್ಲರೂ ಹಾಗೇ ಮಾಡುತ್ತಿದ್ದರು, ನಾನೂ ಮಾಡಿದೆ. ಆ ಫಾರ್ಮ್‌ನಿಂದ ನಾಲ್ಕು ವರ್ಷದ ಸೇವೆ ಲೆಕ್ಕದಿಂದಲೇ ಹೋಯಿತು. ಹೊಸ ಕಂಪನಿಯಲ್ಲಿ ಸೊನ್ನೆಯಿಂದ ಶುರು. ಅದೇ 1,40,000 ಅಲ್ಲೇ ಇದ್ದಿದ್ದರೆ, ಆ ವರ್ಷಗಳ ಬಡ್ಡಿ ದರ ಹಿಡಿದು ಲೆಕ್ಕ ಹಾಕಿದರೆ, 2025ರ ಮಾರ್ಚ್ ಹೊತ್ತಿಗೆ ಸುಮಾರು 3,70,000 ಆಗಿರುತ್ತಿತ್ತು. ಕೆಲಸ ಬದಲಾಯಿಸುವವರಿಗೆ ನಾನು ಕೇಳಿಕೊಳ್ಳುವುದು ಇಷ್ಟೇ: ತೆಗೆಯಬೇಡಿ, ಟ್ರಾನ್ಸ್‌ಫರ್ ಮಾಡಿಸಿ.

ಇನ್ನು ಆಯ್ಕೆಯ ವಿಷಯ. ಯಾವುದಕ್ಕೆ ಬಡ್ಡಿ ಜಾಸ್ತಿ ಎಂದು ನೋಡುವುದನ್ನು ನಾನು ಬೇಗ ಬಿಟ್ಟೆ. ಬೇರೆ ಎರಡು ಪ್ರಶ್ನೆ ಹಾಕಿಕೊಂಡೆ. ಈ ಹಣವನ್ನು ನಾನು ಯಾವಾಗ ಮುಟ್ಟಬಹುದು? ಒಂದು ತಿಂಗಳು ದುಡ್ಡಿಲ್ಲದಿದ್ದರೆ ಏನಾಗುತ್ತದೆ?

ನನಗೆ ತಿಂಗಳ ಸಂಬಳ ಇದೆ. ಹಾಗಾಗಿ ವಿಪಿಎಫ್, ಅಂದರೆ ಶೇ 12ರ ಮೇಲೆ ನಾವಾಗಿಯೇ ಪಿಎಫ್‌ಗೆ ಹೆಚ್ಚು ಹಾಕುವುದನ್ನು, ಆರಿಸಿಕೊಂಡೆ. ಎಚ್‌ಆರ್‌ಗೆ ಒಂದು ಪತ್ರ ಕೊಟ್ಟೆ, ತಿಂಗಳಿಗೆ ಇನ್ನೂ 4,000 ಕಡಿತ ಶುರುವಾಯಿತು. ಪಿಎಫ್‌ಗೆ ಸಿಗುವ ಬಡ್ಡಿಯೇ ಇದಕ್ಕೂ. 2024-25ಕ್ಕೆ ಅದು ಶೇ 8.25 ಇತ್ತು. ಸಂಬಳ ಕೈಗೆ ಬರುವ ಮೊದಲೇ ಹೋಗುವುದರಿಂದ ಅದರ ಮೇಲೆ ಆಸೆಯೂ ಹುಟ್ಟುವುದಿಲ್ಲ. ಒಂದು ಮಿತಿ ಗೊತ್ತಿರಲಿ. ನಮ್ಮ ಪಾಲು ವರ್ಷಕ್ಕೆ ಎರಡೂವರೆ ಲಕ್ಷ ದಾಟಿದರೆ, ಹೆಚ್ಚಿನ ಭಾಗದ ಬಡ್ಡಿಗೆ ತೆರಿಗೆ ಬೀಳುತ್ತದೆ. ನಾನು ಅದರ ಹತ್ತಿರವೂ ಇಲ್ಲ.

ಯಜಮಾನರ ಕಥೆ ಬೇರೆ. ಬಿಲ್ ಒಂದು ತಿಂಗಳು ಬರುತ್ತದೆ, ಮೂರು ತಿಂಗಳು ಬರುವುದಿಲ್ಲ. ಅವರಿಗೆ ಪಿಪಿಎಫ್ ಮಾಡಿಸಿದೆವು. ಅದು ಬ್ಯಾಂಕ್ ಅಥವಾ ಅಂಚೆ ಕಚೇರಿಯಲ್ಲಿ ತೆರೆಯುವ 15 ವರ್ಷದ ಸರ್ಕಾರಿ ಉಳಿತಾಯ ಖಾತೆ. ವರ್ಷಕ್ಕೆ 500 ರೂಪಾಯಿ ಹಾಕಿದರೂ ಖಾತೆ ಉಳಿಯುತ್ತದೆ, ಗರಿಷ್ಠ ಒಂದೂವರೆ ಲಕ್ಷ. ಇನ್ನೊಂದು ಕಾರಣವೂ ಇತ್ತು. ಅವರ ವ್ಯವಹಾರದಲ್ಲಿ ಸಾಲ ಇದ್ದೇ ಇರುತ್ತದೆ. ಸಾಲ ಕೊಟ್ಟವರು ಕೋರ್ಟಿಗೆ ಹೋದರೂ ಪಿಪಿಎಫ್ ಹಣವನ್ನು ಜಪ್ತಿ ಮಾಡಿಸಲು ಆಗುವುದಿಲ್ಲ. ಹಾಗೆಂದು ಯಾರ ಸಾಲವನ್ನೂ ಮುಳುಗಿಸುವ ಯೋಚನೆ ನಮಗಿಲ್ಲ. ಆದರೆ ಕಾಂಟ್ರಾಕ್ಟ್ ಕೆಲಸದವರ ಹೆಂಡತಿಗೆ ಈ ಒಂದು ಮಾತು ಎಷ್ಟು ಧೈರ್ಯ ಕೊಡುತ್ತದೆ ಎಂದು ನನಗೆ ಗೊತ್ತು.

ಬಡ್ಡಿ ಶೇ 7.1, 2020ರ ಏಪ್ರಿಲ್‌ನಿಂದ ಬದಲಾಗಿಲ್ಲ. ತಿಂಗಳ 5ನೇ ತಾರೀಖು ಮುಗಿಯುವುದರೊಳಗೆ ಹಣ ಖಾತೆಗೆ ಸೇರಬೇಕು. 6ಕ್ಕೆ ಹಾಕಿದರೆ ಆ ಹಣಕ್ಕೆ ಆ ತಿಂಗಳ ಬಡ್ಡಿ ಇಲ್ಲ. ತಿಂಗಳಿಗೆ 5,000ದಂತೆ 15 ವರ್ಷ ಕಟ್ಟಿದರೆ ನಮ್ಮದು 9 ಲಕ್ಷ, ಇದೇ ದರದಲ್ಲಿ ಕೈಗೆ ಬರುವುದು ಸುಮಾರು 15.8 ಲಕ್ಷ. ಅವಧಿ ಮುಗಿಯುವ ಹೊತ್ತಿಗೆ ಅವರಿಗೂ 60 ಆಗಿರುತ್ತದೆ.

ಎನ್‌ಪಿಎಸ್ ಅಂದರೆ ನಮ್ಮ ಹಣವನ್ನು ಷೇರು, ಸಾಲಪತ್ರಗಳಲ್ಲಿ ತೊಡಗಿಸುವ ರಾಷ್ಟ್ರೀಯ ಪಿಂಚಣಿ ಯೋಜನೆ. ಅದರ ಬಗ್ಗೆ ನಾವು ಜಾಸ್ತಿ ಜಗಳ ಆಡಿದೆವು. ನಾವು ನೋಡುವಾಗ ಇದ್ದ ನಿಯಮದಂತೆ 60ಕ್ಕೆ ಕೂಡಿದ್ದರಲ್ಲಿ ಶೇ 40ರಷ್ಟಕ್ಕೆ ತಿಂಗಳು ತಿಂಗಳು ಬರುವ ಪಿಂಚಣಿ ಕೊಳ್ಳಲೇಬೇಕಿತ್ತು. “ನಮ್ಮ ದುಡ್ಡು ನಮಗೇ ಕೊಡಲ್ಲ ಅಂದ್ರೆ ಹೇಗೆ?” ಅಂತ ಯಜಮಾನರು ಕೇಳಿದರು. “ಅಮ್ಮನಿಗೆ ಬರುತ್ತಿರುವುದೂ ತಿಂಗಳ ಹಣವೇ ಅಲ್ವಾ? ಅಪ್ಪನಿಗೆ ಬಂದ ಇಡಿಗಂಟು ಮನೆ ರಿಪೇರಿಗೆ, ತಮ್ಮನ ಮದುವೆಗೆ ಹೋಯ್ತಲ್ರೀ” ಅಂದೆ. ಆಮೇಲೆ ಅವರು ಸುಮ್ಮನಾದರು. ಈಗ, 2025ರ ಡಿಸೆಂಬರ್‌ನಲ್ಲಿ, ಸರ್ಕಾರಿ ನೌಕರರಲ್ಲದವರಿಗೆ ಆ ಕಡ್ಡಾಯ ಭಾಗವನ್ನು ಶೇ 20ಕ್ಕೆ ಇಳಿಸಿದ್ದಾರೆ. ನಾನು ಮಾತ್ರ ಶೇ 40ಕ್ಕೇ ಕೊಳ್ಳಬೇಕೆಂದಿದ್ದೇನೆ.

ಎನ್‌ಪಿಎಸ್ ಬೇಕು ಅನಿಸಿದ್ದಕ್ಕೆ ಇನ್ನೊಂದು ಕಾರಣ ಷೇರಿನ ಭಾಗ. ನಮ್ಮ ಉಳಿದದ್ದೆಲ್ಲ ಬಡ್ಡಿಯ ಮೇಲೇ ನಿಂತಿದೆ. ಇಪ್ಪತ್ತು ವರ್ಷದಲ್ಲಿ ಅಕ್ಕಿ, ಔಷಧಿ, ಬಾಡಿಗೆ ಎಲ್ಲಿಗೆ ಹೋಗುತ್ತದೋ! ತಿಂಗಳಿಗೆ 2,000 ಮಾತ್ರ ಹಾಕುತ್ತೇನೆ. ವಯಸ್ಸಾದಂತೆ ಷೇರಿನ ಪಾಲು ತಾನೇ ಕಡಿಮೆಯಾಗುವ ಆಟೋ ಚಾಯ್ಸ್ ತೆಗೆದುಕೊಂಡೆ. ಮೊತ್ತ ಇಳಿದ ತಿಂಗಳುಗಳನ್ನೂ ನೋಡಿದ್ದೇನೆ. ಆದರೂ ನಿಲ್ಲಿಸಿಲ್ಲ.

ತೆರಿಗೆಗಾಗಿ ಇದನ್ನೆಲ್ಲ ಮಾಡುವ ಕಾಲ ನನ್ನ ಪಾಲಿಗೆ ಮುಗಿಯಿತು. ಆದಾಯ ತೆರಿಗೆಯ ಹೊಸ ಪದ್ಧತಿಯಲ್ಲಿ 80ಸಿ, ಅಂದರೆ ಇಂಥ ಉಳಿತಾಯಕ್ಕೆ ಸಿಗುತ್ತಿದ್ದ ವಿನಾಯಿತಿ, ಇಲ್ಲ; ನನ್ನ ಸಂಬಳಕ್ಕೆ ತೆರಿಗೆಯೂ ಬರುವುದಿಲ್ಲ. ಆ ಕಾರಣ ಹೋದ ಮೇಲೆ ನಮ್ಮ ಆಫೀಸಿನಲ್ಲಿ ಕೆಲವರು ಪಿಪಿಎಫ್ ಕಟ್ಟುವುದನ್ನೇ ಬಿಟ್ಟರು. ಅದು ನನಗೆ ಬೇಸರದ ವಿಷಯ.

ಕೊನೆಗೆ ಉಳಿದದ್ದು ನಾಮಿನಿ. ಯುಎಎನ್ (ಪಿಎಫ್ ಸದಸ್ಯರ ಸಂಖ್ಯೆ) ಹಾಕಿ ಪಿಎಫ್ ಪೋರ್ಟಲ್ ತೆರೆದರೆ ಅಲ್ಲಿ ಅಪ್ಪನ ಹೆಸರೇ ಇತ್ತು. ಅವರು ಹೋಗಿ ಆಗಲೇ ನಾಲ್ಕು ವರ್ಷ. ಸ್ವಲ್ಪ ಹೊತ್ತು ಹಾಗೇ ನೋಡುತ್ತಾ ಕೂತಿದ್ದೆ. ಆಮೇಲೆ ಯಜಮಾನರ ಮತ್ತು ಮಗಳ ಫೋಟೊ, ಆಧಾರ್ ಸೇರಿಸಿ ಇ-ನಾಮಿನೇಷನ್ ಮುಗಿಸಿದೆ. ಪಿಪಿಎಫ್‌ಗೂ ಎನ್‌ಪಿಎಸ್‌ಗೂ ನಾಮಿನಿಯನ್ನು ಬೇರೆಬೇರೆಯಾಗಿ ಕೊಡಬೇಕು, ಒಂದರಲ್ಲಿ ಕೊಟ್ಟದ್ದು ಇನ್ನೊಂದಕ್ಕೆ ಹೋಗುವುದಿಲ್ಲ. ಅವೆರಡನ್ನೂ ಅದೇ ವಾರ ಮಾಡಿಸಿದೆ.